ಹೆಲ್ಮೆಟ್ ಕೊಂಡಿರಿ, ಲಾಕ್ ನೋಡಿದಿರಾ?

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಈ ತಿಂಗಳ ಮಾತಿನ ಸರದಿ ನನ್ನದು ಎಂದು ಗೊತ್ತಾದ ಮೇಲೆ ನಮ್ಮ ಕಾರ್ಯದರ್ಶಿ ಅಕ್ಕ ಫೋನ್ ಮಾಡಿದ್ದರು. "ನೀವು ಐಟಿಯವರು, ಕೃತಕ ಬುದ್ಧಿಮತ್ತೆ ಬಗ್ಗೆ ಹೇಳ್ತೀರೇನು?" ಅಂದರು. "ಇಲ್ಲ ಅಕ್ಕ, ಹೆಲ್ಮೆಟ್ಟಿನ ಪಟ್ಟಿ ಬಗ್ಗೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಬರೇ ಪಟ್ಟಿನಾ? ಇಪ್ಪತ್ತು ನಿಮಿಷ?" ಹೌದು, ಬರೇ ಪಟ್ಟಿ. ಗದ್ದದ ಕೆಳಗೆ ಕಟ್ಟುವ ಪಟ್ಟಿ, ಅದರ ತುದಿಯಲ್ಲಿರುವ ಲಾಕ್. ನಾನು ಮೆಷಿನ್ ಡಿಸೈನ್‌ನಲ್ಲಿ ಎಂಟೆಕ್ ಮಾಡಿ, ಆಮೇಲೆ ಎಲ್ಲರ ಹಾಗೆ ಐಟಿಗೆ ಬಂದವಳು. ಓದಿದ್ದು ಇಷ್ಟು ವರ್ಷ ಉಪಯೋಗಕ್ಕೆ ಬರಲಿಲ್ಲ, ಈಗ ಬಂತು ನೋಡಿ.

ಬರುವಾಗ ಕೆಳಗೆ ಪಾರ್ಕಿಂಗ್‌ನಲ್ಲಿ ನಿಂತು ಎಣಿಸಿದೆ. ನಮ್ಮವೇ ಇಪ್ಪತ್ತಾರು ಸ್ಕೂಟರ್. ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಸ್ಕೂಟರ್ ಇಲ್ಲದಿದ್ದರೆ ಕಾಲೇ ಇಲ್ಲದ ಹಾಗೆ. ತರಕಾರಿ, ಮಕ್ಕಳ ಟ್ಯೂಷನ್, ಆಫೀಸು, ಈ ಸಭೆ, ಎಲ್ಲದಕ್ಕೂ ಅದೇ. 2019ರ ಜನವರಿಯಿಂದ ಪೊಲೀಸರು ಹೆಲ್ಮೆಟ್ ನಿಯಮವನ್ನು ಬಿಗಿ ಮಾಡಿದಾಗ ಈ ಊರು ಎಷ್ಟು ಜಗಳ ಆಡಿತೆಂದು ನಿಮಗೆಲ್ಲ ನೆನಪಿದೆ. ಹಾಕಬೇಕೋ ಬೇಡವೋ ಎಂಬ ಆ ಜಗಳಕ್ಕೆ ನಾನು ಹೋಗುವುದಿಲ್ಲ. ಹಾಕಿಕೊಂಡ ಹೆಲ್ಮೆಟ್ ಬೀಳುವ ಹೊತ್ತಿನಲ್ಲಿ ತಲೆಯ ಮೇಲೇ ಇರುತ್ತದೋ ಇಲ್ಲವೋ, ನನ್ನ ಪ್ರಶ್ನೆ ಅದು.

ಕಾನೂನು ಕೂಡ ಅದನ್ನೇ ಕೇಳುತ್ತದೆ. ಮೋಟಾರು ವಾಹನ ಕಾಯಿದೆಯ 129ನೆಯ ಕಲಂನಲ್ಲಿ ಹೆಲ್ಮೆಟ್ ಎಂದರೆ ಏನು ಎಂಬುದಕ್ಕೆ ಎರಡು ಲಕ್ಷಣ ಕೊಟ್ಟಿದ್ದಾರೆ. ಒಂದು, ಅದರ ಆಕಾರ ಮತ್ತು ಸಾಮಗ್ರಿ ಅಪಘಾತದಲ್ಲಿ ತಲೆಗೆ ರಕ್ಷಣೆ ಕೊಡುವಂತಿರಬೇಕು. ಎರಡು, ಅದನ್ನು ಅದರ ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕು. ಅಂದರೆ ಪಟ್ಟಿ ಕಟ್ಟದ ಹೆಲ್ಮೆಟ್ ಕಾನೂನಿನ ಲೆಕ್ಕದಲ್ಲಿ ಹೆಲ್ಮೆಟ್ಟೇ ಅಲ್ಲ, ತಲೆ ಮೇಲೆ ಬುಟ್ಟಿ ಇಟ್ಟುಕೊಂಡ ಹಾಗೆ. 2019ರ ತಿದ್ದುಪಡಿಯ ನಂತರ ದಂಡ 1,000 ರೂಪಾಯಿ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹ. ದಂಡದ ಮಾತು ಇಷ್ಟಕ್ಕೆ ಸಾಕು, ದಂಡಕ್ಕಾಗಿ ಪಟ್ಟಿ ಕಟ್ಟುವವರು ಸಿಗ್ನಲ್ ದಾಟಿದ ಮೇಲೆ ಬಿಚ್ಚುತ್ತಾರೆ.

ಇನ್ನೊಂದು ಲೆಕ್ಕ ಇದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು ದೇಶದಲ್ಲಿ 50,029 ಮಂದಿ. ಅದರಲ್ಲಿ 14,337 ಮಂದಿ ಹಿಂದೆ ಕೂತವರು. ಹಿಂದೆ ಕೂರುವವರು ನಮ್ಮ ಮನೆಗಳಲ್ಲಿ ಯಾರು? ನಾವು, ನಮ್ಮ ತಾಯಂದಿರು, ಮಕ್ಕಳು. ಹೆಲ್ಮೆಟ್ ಇದ್ದೂ ಪಟ್ಟಿ ಸಡಿಲವಿದ್ದವರು ಎಷ್ಟು ಜನ ಎಂದು ಆ ಲೆಕ್ಕದಲ್ಲಿ ಬೇರೆ ಮಾಡಿಲ್ಲ. ಅಂಥವರಲ್ಲಿ ಒಬ್ಬರನ್ನು ನಾನು ಬಲ್ಲೆ, ನನ್ನ ಸೋದರತ್ತೆ.

ಅತ್ತೆ ಸೊಲ್ಲಾಪುರದವರು. ಮೂರು ವರ್ಷದ ಹಿಂದೆ ಮಗನ ಬೈಕಿನ ಹಿಂದೆ ಮದುವೆಗೆ ಹೊರಟಿದ್ದರು. ರೇಷ್ಮೆ ಸೀರೆ, ತಲೆ ಮೇಲೆ ಸೆರಗು, ಸೆರಗಿನ ಮೇಲೆ ಹೆಲ್ಮೆಟ್. ಹೆಲ್ಮೆಟ್ ಹಾಕಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಐಎಸ್‌ಐ ಗುರುತು ಇದ್ದದ್ದೇ, ಲಾಕ್ ಕೂಡ ಹಾಕಿದ್ದರು. ಬಣ್ಣ ಬಳಿಯದ ಒಂದು ರೋಡ್ ಹಂಪ್ ಬಂತು, ಗಾಡಿ ಹಾರಿತು, ಅತ್ತೆ ಹಿಂದಕ್ಕೆ ಬಿದ್ದರು. ತಲೆ ನೆಲಕ್ಕೆ ತಾಗುವ ಮುಂಚೆಯೇ ಹೆಲ್ಮೆಟ್ ಮುಂದಕ್ಕೆ ಜಾರಿ ಕಳಚಿ ರಸ್ತೆ ಬದಿಗೆ ಉರುಳಿತ್ತು. ಲಾಕ್ ಬಿಚ್ಚಿರಲಿಲ್ಲ, ಪಟ್ಟಿ ಹರಿದಿರಲಿಲ್ಲ. ಹೆಲ್ಮೆಟ್ ಎತ್ತಿಕೊಂಡು ಬಂದವರು ಲಾಕ್ ಹಾಕಿದ ಸ್ಥಿತಿಯಲ್ಲೇ ತಂದುಕೊಟ್ಟರು. ಅತ್ತೆ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಈಗ ಓಡಾಡುತ್ತಾರೆ, ಅಡುಗೆ ಮಾಡುತ್ತಾರೆ. ಆದರೆ ಮಾತಿನ ನಡುವೆ ಶಬ್ದ ಸಿಗದೆ ನಿಲ್ಲುತ್ತಾರೆ. ನನ್ನ ಹೆಸರು ಕೂಡ ಒಮ್ಮೊಮ್ಮೆ ಸಿಗುವುದಿಲ್ಲ, ಕೈ ಹಿಡಿದುಕೊಂಡು ನಗುತ್ತಾರೆ.

"ಟಪ್ ಅಂತ ಸಪ್ಪಳ ಆಗಿತ್ತವಾ, ಲಾಕ್ ಬಿದ್ದಿತ್ತು" ಎಂದು ಅವರು ಇವತ್ತಿಗೂ ಹೇಳುತ್ತಾರೆ. ನಿಜ, ಲಾಕ್ ಬಿದ್ದಿತ್ತು. ಆದರೆ ಆ ಹೆಲ್ಮೆಟ್ ಮಗನ ಹಳೆಯದು. ಅದರ ಪಟ್ಟಿ ಮಗನ ದವಡೆಗೆ ಹೊಂದಿಸಿದ್ದು. ಅವನು ಆರಡಿ ಆಳು, ಅತ್ತೆಯ ಮುಖ ನನ್ನ ಅಂಗೈಯಷ್ಟು. ಆ ಲಾಕ್ ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಅವತ್ತಿನಿಂದ ನಾನು ಹೆಲ್ಮೆಟ್ ಅಂಗಡಿಗೆ ಹೋದರೆ ಬಣ್ಣ, ಗ್ಲಾಸು ನೋಡುವ ಮುಂಚೆ ತಲೆಕೆಳಗು ಮಾಡಿ ಪಟ್ಟಿ ನೋಡುತ್ತೇನೆ. ನಮ್ಮಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ.

ಒಂದನೆಯದು ಅತ್ತೆಯ ಹೆಲ್ಮೆಟ್ಟಿನದು, ಕ್ಲಿಕ್ ಲಾಕ್. ಪಾರ್ಕಿಂಗ್‌ನಲ್ಲಿ ಕನ್ನಡಿಗೆ ನೇತುಹಾಕಿರುವ ಹೆಲ್ಮೆಟ್‌ಗಳಲ್ಲಿ ಹೆಚ್ಚಿನವು ಇದೇ. ಮಕ್ಕಳ ಸ್ಕೂಲ್ ಬ್ಯಾಗಿನ ಬಕಲ್ ಥರ, ಅಥವಾ ಕಾರಿನ ಸೀಟ್ ಬೆಲ್ಟ್ ಥರ, ಒಂದು ತುದಿ ಇನ್ನೊಂದರೊಳಗೆ ಹೋಗಿ ಟಪ್ ಎನ್ನುತ್ತದೆ. ಕೆಂಪು ಗುಂಡಿ ಒತ್ತಿದರೆ ಬಿಚ್ಚುತ್ತದೆ. ಇದಕ್ಕಿಂತ ಸುಲಭ ಇನ್ನೊಂದಿಲ್ಲ, ಅಂಗಡಿಯವರೂ "ಮ್ಯಾಡಮ್, ಒಂದೇ ಸೆಕೆಂಡ್" ಎಂದು ಇದನ್ನೇ ತೋರಿಸುತ್ತಾರೆ. ಸೂಕ್ಷ್ಮ ಇರುವುದು ಬೇರೆ ಕಡೆ. ಈ ಲಾಕ್‌ಗೆ ಗೊತ್ತಿರುವುದು ಎರಡೇ ಸ್ಥಿತಿ, ಹಾಕಿದೆ ಅಥವಾ ಬಿಚ್ಚಿದೆ. ಬಿಗಿಯಾಗಿದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ಬಿಗಿ ಮಾಡಲು ಪಕ್ಕದಲ್ಲಿ ಬೇರೆ ಒಂದು ಹೊಂದಾಣಿಕೆ ಇರುತ್ತದೆ, ಪಟ್ಟಿ ಅಂಕುಡೊಂಕಾಗಿ ಹಾಯ್ದು ಬರುವ ಪ್ಲಾಸ್ಟಿಕ್ ತುಂಡು. ಕೊಂಡ ದಿನ ಅಂಗಡಿಯವರು ಒಮ್ಮೆ ಎಳೆದು ಕೊಟ್ಟಿದ್ದನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ. ದಿನಾ ಎಳೆದಾಡುವುದರಲ್ಲಿ, ಕನ್ನಡಿಗೆ ನೇತುಹಾಕುವುದರಲ್ಲಿ ಪಟ್ಟಿ ಆ ತುಂಡಿನಿಂದ ಸ್ವಲ್ಪ ಸ್ವಲ್ಪವೇ ಜಾರುತ್ತದೆ. ಆರು ತಿಂಗಳಲ್ಲಿ ಪಟ್ಟಿ ಕುತ್ತಿಗೆಗೆ ಹಾರದ ಹಾಗೆ ತೂಗುತ್ತಿರುತ್ತದೆ. ಟಪ್ ಶಬ್ದ ಮಾತ್ರ ಮೊದಲ ದಿನದ್ದೇ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇಂಥದ್ದಕ್ಕೆ ಬಹಳ ಹೆದರುತ್ತೇವೆ. ಒಳಗೆ ಕೆಲಸ ಕೆಟ್ಟಿದೆ, ಪರದೆ ಮೇಲೆ ಹಸಿರು ಟಿಕ್ ಮಾರ್ಕ್ ಬರುತ್ತಿದೆ, ಅಂಥ ಸ್ಥಿತಿ.

ಇದಕ್ಕೆ ಪುಣೆಯ ಸ್ಕಾರ್ಫ್ ಸೇರಿಸಿ. ಬಿಸಿಲು, ಧೂಳು ಎಂದು ಮುಖಕ್ಕೆಲ್ಲ ಸ್ಕಾರ್ಫ್ ಸುತ್ತಿ, ಕಣ್ಣು ಮಾತ್ರ ಬಿಟ್ಟು ಗಾಡಿ ಓಡಿಸುವುದು ಇಲ್ಲಿನ ಹುಡುಗಿಯರ ಗುರುತೇ ಆಗಿದೆ, ನಾವೂ ಕಲಿತಿದ್ದೇವೆ. ಏಪ್ರಿಲ್‌ನಲ್ಲಿ ಗದ್ದದ ಕೆಳಗೆ ಎರಡು ಸುತ್ತು ಬಟ್ಟೆ. ಜುಲೈ ಮಳೆಯಲ್ಲಿ ರೇನ್‌ಕೋಟಿನ ಕಾಲರ್. ದೀಪಾವಳಿ ಕಳೆದ ಮೇಲೆ ಚಳಿಗೆ ಮಫ್ಲರ್. ಮಧ್ಯೆ ಕೆಲವು ದಿನ ಏನೂ ಇಲ್ಲ. ಒಂದೇ ಗದ್ದ, ಆದರೆ ಪಟ್ಟಿಗೆ ಪ್ರತಿ ವಾರ ಬೇರೆ ಅಳತೆ. ಉದ್ದ ಬದಲಿಸದ ಲಾಕ್ ಇದ್ದರೆ ನಾವು ಏನು ಮಾಡುತ್ತೇವೆ? ಸ್ಕಾರ್ಫ್ ದಿನಕ್ಕೆ ಹೊಂದುವಂತೆ ಸಡಿಲ ಮಾಡಿಟ್ಟುಕೊಳ್ಳುತ್ತೇವೆ, ಸ್ಕಾರ್ಫ್ ಇಲ್ಲದ ದಿನ ಅದೇ ಸಡಿಲದಲ್ಲಿ ಹೋಗುತ್ತೇವೆ. ಬೈಕಿನ ಹುಡುಗರು ಹೆಲ್ಮೆಟ್ ಬಗ್ಗೆ ಬೇಕಾದಷ್ಟು ಮಾತಾಡುತ್ತಾರೆ, ಆದರೆ ಈ ಸಮಸ್ಯೆ ಅವರಿಗಿಲ್ಲ. ಅದಕ್ಕೇ ಇದನ್ನು ನಾವು ನಾವೇ ಮಾತಾಡಬೇಕು.

ಎರಡನೆಯದು ಡಬಲ್ ಡಿ-ರಿಂಗ್. ಇಂಗ್ಲಿಷಿನ ಡಿ ಅಕ್ಷರದ ಆಕಾರದ ಎರಡು ಉಕ್ಕಿನ ಬಳೆಗಳು ಒಂದು ಪಟ್ಟಿಯ ತುದಿಯಲ್ಲಿ ಇರುತ್ತವೆ. ಇನ್ನೊಂದು ಪಟ್ಟಿಯನ್ನು ಎರಡೂ ಬಳೆಗಳೊಳಗೆ ಹಾಯಿಸಿ, ಹಿಂದಕ್ಕೆ ಮಡಚಿ, ಒಂದೇ ಬಳೆಯ ಒಳಗಿಂದ ವಾಪಸ್ ತಂದು ಎಳೆಯಬೇಕು. ಇದರಲ್ಲಿ ಸ್ಪ್ರಿಂಗ್ ಇಲ್ಲ, ಹಲ್ಲಿಲ್ಲ, ಗುಂಡಿ ಇಲ್ಲ. ಕೆಲಸ ಮಾಡುವುದು ಬರೀ ಘರ್ಷಣೆ. ಹಳ್ಳಿಯಲ್ಲಿ ಗೂಟಕ್ಕೆ ಹಗ್ಗವನ್ನು ಎರಡು ಸುತ್ತು ಹಾಕಿ ತುದಿ ಹಿಡಿದರೆ ಎತ್ತು ಜಗ್ಗಿದರೂ ಬಿಡುವುದಿಲ್ಲವಲ್ಲ, ಅದೇ ತತ್ವ. ಪಟ್ಟಿಯ ಮೇಲೆ ಪಟ್ಟಿ ಮಡಚಿ ಕೂತಿರುತ್ತದೆ. ತಲೆ ಕಡೆಯಿಂದ ಎಳೆತ ಹೆಚ್ಚಾದಷ್ಟೂ ಬಳೆಗಳು ಅದನ್ನು ಇನ್ನೂ ಅಮುಕುತ್ತವೆ. ರೇಸ್ ಟ್ರ್ಯಾಕ್‌ಗಳಲ್ಲಿ ಇದನ್ನೇ ಕೇಳುವುದು ಸಾಮಾನ್ಯ. ನಮಗೆ ರೇಸ್ ಬೇಕಿಲ್ಲ, ಸಿಂಹಗಡ ರಸ್ತೆಯ ಟ್ರಾಫಿಕ್‌ನಲ್ಲಿ ರೇಸ್ ಸಾಧ್ಯವೂ ಇಲ್ಲ. ನನಗೆ ಇದು ಇಷ್ಟವಾಗಲು ಕಾರಣ ಬೇರೆ. ಪ್ರತಿ ಸಲ ಹಾಕುವಾಗ ಎಳೆಯಲೇಬೇಕು, ಆದ್ದರಿಂದ ಪ್ರತಿ ಸಲವೂ ಅವತ್ತಿನ ಅಳತೆಗೆ ಬಿಗಿಯಾಗುತ್ತದೆ. ಸ್ಕಾರ್ಫ್ ಇದ್ದರೆ ಸ್ಕಾರ್ಫಿನ ಮೇಲೆ, ಇಲ್ಲದಿದ್ದರೆ ಚರ್ಮದ ಮೇಲೆ. ಮಗ ಹಾಕಿದ ಹೆಲ್ಮೆಟ್ಟನ್ನು ತಾಯಿ ಹಾಕಿದರೂ ತಾಯಿಯ ಅಳತೆಗೆ ಕೂರುತ್ತದೆ. ಗಾಡಿಯ ಹುಕ್ಕಿಗೆ ಸಿಕ್ಕಿಸಿ ಸೀಟಿನ ಕೆಳಗೆ ಲಾಕ್ ಮಾಡಲೂ ಆ ಬಳೆಗಳು ಅನುಕೂಲ.

ಆದರೆ ಒಂದು ಎಚ್ಚರ. ಪಟ್ಟಿಯ ತುದಿಯಲ್ಲಿ ಟಿಚ್ ಬಟನ್ ಇರುತ್ತದೆ, ಬ್ಲೌಸಿಗೆ ಹಾಕಿಸುವಂಥದ್ದೇ. ಅದು ಇರುವುದು ತುದಿ ಗಾಳಿಗೆ ಕೆನ್ನೆಗೆ ಬಡಿಯದಿರಲಿ ಎಂದು ಮಾತ್ರ. ಪಟ್ಟಿಯನ್ನು ಬಳೆಗೆ ಹಾಯಿಸದೆ ಬರೀ ಟಿಚ್ ಬಟನ್ ಒತ್ತಿಕೊಂಡು ಓಡಾಡುವವರನ್ನು ಸಿಗ್ನಲ್‌ನಲ್ಲಿ ನೋಡಿದ್ದೇನೆ. ಎರಡು ಬಳೆಯೊಳಗೆ ಹಾಯಿಸಿ ಹಿಂದಕ್ಕೆ ತರದೆ ಬಿಟ್ಟವರನ್ನೂ ನೋಡಿದ್ದೇನೆ. ಎರಡಕ್ಕೂ ಹಿಡಿತ ಸೊನ್ನೆ. ಬಿಚ್ಚಲು ಬಳೆಗೆ ಚಿಕ್ಕ ಕೆಂಪು ಪಟ್ಟಿ ಹೊಲಿದಿರುತ್ತಾರೆ, ಅದನ್ನು ಎಳೆದರೆ ಸಡಿಲವಾಗುತ್ತದೆ, ಉಗುರು ಹಾಕಿ ಕಷ್ಟಪಡಬೇಕಿಲ್ಲ.

ಮೂರನೆಯದು ಮೈಕ್ರೋಮೆಟ್ರಿಕ್. ಹೆಸರು ದೊಡ್ಡದು, ವಸ್ತು ಸಣ್ಣದು. ಗರಗಸದಂತೆ ಹಲ್ಲಿರುವ ಒಂದು ನಾಲಿಗೆ, ಅದನ್ನು ಹಿಡಿಯುವ ಒಂದು ಕೊಕ್ಕೆ. ನಾಲಿಗೆಯನ್ನು ಒಳಗೆ ತಳ್ಳುತ್ತ ಹೋದರೆ ಕಟ ಕಟ ಎನ್ನುತ್ತ ಒಂದೊಂದೇ ಹಲ್ಲು ಮುಂದೆ ಹೋಗಿ ಬಿಗಿಯಾಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಕೆಂಪು ಸಣ್ಣ ಹಿಡಿ ಎತ್ತಿದರೆ ಬಿಚ್ಚುತ್ತದೆ. ಒಂದೇ ಕೈ ಸಾಕು, ಕೈಗವಸು ಇದ್ದರೂ ಆಗುತ್ತದೆ. ಕ್ಲಿಕ್ ಲಾಕಿನ ಸುಲಭವೂ ಇದೆ, ಡಿ-ರಿಂಗಿನ ಅಳತೆಯೂ ಅಷ್ಟಿಷ್ಟು ಇದೆ. ಅಷ್ಟಿಷ್ಟು ಎಂದೆ, ಏಕೆಂದರೆ ಹಲ್ಲುಗಳು ಕೆಲವೇ ಸೆಂಟಿಮೀಟರ್. ಮೂಲ ಉದ್ದವನ್ನು ಮೊದಲು ಸರಿಯಾಗಿ ಇಟ್ಟುಕೊಳ್ಳಬೇಕು. ನಾನು ಹೇಳುವ ಕ್ರಮ ಹೀಗೆ. ಸ್ಕಾರ್ಫ್ ಇಲ್ಲದೆ ಹಾಕಿ, ಬಿಗಿಯಾದಾಗ ನಾಲಿಗೆ ಕೊನೆಯ ಹಲ್ಲುಗಳ ಹತ್ತಿರ ಇರಬೇಕು. ಸ್ಕಾರ್ಫ್ ಹಾಕಿದ ದಿನ ಅದು ಮಧ್ಯದಲ್ಲಿ ನಿಲ್ಲುತ್ತದೆ. ಒಂದೆರಡು ಹಲ್ಲಿಗೇ ಸಿಕ್ಕಿಕೊಂಡು ನಿಲ್ಲುವ ಹಾಗೆ ಮಾತ್ರ ಇಟ್ಟುಕೊಳ್ಳಬೇಡಿ. ಹಲ್ಲಿನ ಸಂದಿಗೆ ಧೂಳು, ಪೌಡರ್, ಬೆವರಿನ ಕೊಳೆ ಕೂರುತ್ತದೆ, ಹಳೆ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ತಿಂಗಳಿಗೊಮ್ಮೆ ಉಜ್ಜಿ. ಹಾಕಿದ ಮೇಲೆ ಪಟ್ಟಿಯನ್ನು ಒಮ್ಮೆ ಕೆಳಗೆ ಜಗ್ಗಿ ನೋಡಿ. ಹಲ್ಲು ಸವೆದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಹಾಗಾದರೆ ಯಾವುದು ಗಟ್ಟಿ? ಎಲ್ಲರೂ ಮೊದಲು ಇದನ್ನೇ ಕೇಳುತ್ತಾರೆ. ಅಂಗಡಿಯಲ್ಲಿ ಐಎಸ್‌ಐ ಗುರುತಿನೊಂದಿಗೆ ನ್ಯಾಯವಾಗಿ ಮಾರುವ ಹೆಲ್ಮೆಟ್ ಐಎಸ್ 4151 ಎಂಬ ನಮ್ಮ ಮಾನಕದ ಪರೀಕ್ಷೆ ದಾಟಿರಬೇಕು, ಅದರಲ್ಲಿ ಪಟ್ಟಿಯ ಪರೀಕ್ಷೆಯೂ ಸೇರಿದೆ. ಪರೀಕ್ಷೆ ಎಂದರೆ ಹೇಗೆ ಎಂದು ಯುರೋಪಿನ ನಿಯಮದ ಉದಾಹರಣೆ ಕೊಡುತ್ತೇನೆ. ಬೊಂಬೆ ತಲೆಗೆ ಹೆಲ್ಮೆಟ್ ಹಾಕಿ, ಪಟ್ಟಿಗೆ 10 ಕಿಲೋ ತೂಕವನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಆ ಜಗ್ಗಿಗೆ ಪಟ್ಟಿ 35 ಮಿಲಿಮೀಟರ್‌ಗಿಂತ ಹೆಚ್ಚು ಹಿಗ್ಗಬಾರದು. ಇನ್ನೊಂದು ಪರೀಕ್ಷೆಯಲ್ಲಿ ಹೆಲ್ಮೆಟ್ಟಿನ ಹಿಂಭಾಗಕ್ಕೆ ಕೊಕ್ಕೆ ಹಾಕಿ ಅದೇ 10 ಕಿಲೋವನ್ನು ಅರ್ಧ ಮೀಟರ್ ಬೀಳಿಸಿ ಮುಂದಕ್ಕೆ ಎಳೆಯುತ್ತಾರೆ, ಹೆಲ್ಮೆಟ್ 30 ಡಿಗ್ರಿಗಿಂತ ಹೆಚ್ಚು ತಿರುಗಬಾರದು. ಅತ್ತೆಗೆ ಆದದ್ದು ಈ ಎರಡನೆಯದೇ. ಪರೀಕ್ಷೆ ದಾಟಿದ ಲಾಕ್ ಯಾವ ಬಗೆಯದಾದರೂ ಸಾಕಷ್ಟು ಗಟ್ಟಿ ಇರುತ್ತದೆ. ಅತ್ತೆಯ ಲಾಕ್ ಕೂಡ ಗಟ್ಟಿಯಾಗಿಯೇ ಇತ್ತು, ಕೊನೆಯವರೆಗೂ ಬಿಚ್ಚಲಿಲ್ಲ ಎಂದೆನಲ್ಲ. ಆದರೆ ಪ್ರಯೋಗಾಲಯದ ಬೊಂಬೆ ತಲೆಗೆ ತುರುಬಿಲ್ಲ, ಸೆರಗಿಲ್ಲ, ಆಫೀಸಿಗೆ ತಡವಾಗಿಲ್ಲ. ಪಟ್ಟಿಯನ್ನು ಅಲ್ಲಿ ಬಿಗಿಯಾಗಿ ಕಟ್ಟಿಯೇ ಪರೀಕ್ಷೆ ಮಾಡುತ್ತಾರೆ. ನಮ್ಮ ತಲೆಗೆ ಅದನ್ನು ಕಟ್ಟುವವರು ನಾವು. ಆದ್ದರಿಂದ ಯಾವ ಲಾಕ್ ಗಟ್ಟಿ ಎಂದು ಕೇಳುವುದಕ್ಕಿಂತ, ಈ ಮನುಷ್ಯರು ಈ ಲಾಕನ್ನು ದಿನಾ ಸರಿಯಾಗಿ ಬಿಗಿಯುತ್ತಾರೆಯೇ ಎಂದು ಕೇಳಬೇಕು. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬರುತ್ತದೆ.

ನಮ್ಮ ಮನೆಯ ಕಥೆ ಹೇಳುತ್ತೇನೆ. ಡಿ-ರಿಂಗ್ ಒಳ್ಳೆಯದು ಎಂದು ಓದಿ ಓದಿ ತಲೆಗೆ ಹತ್ತಿತ್ತು, ಎಲ್ಲರಿಗೂ ಅದನ್ನೇ ಕೊಡಿಸೋಣ ಎಂದು ಹೊರಟೆ. ಅವ್ವನಿಗೆ ಅರವತ್ತಾರು. ಸಂಧಿವಾತ, ಬೆಳಿಗ್ಗೆ ಎದ್ದರೆ ಬೆರಳಿನ ಗಿಣ್ಣು ಊದಿರುತ್ತದೆ, ಹಾಲಿನ ಪಾಕೀಟು ಕತ್ತರಿಸಲೂ ಆಗುವುದಿಲ್ಲ. ಅಂಗಡಿಯಲ್ಲಿ ಡಿ-ರಿಂಗ್ ಹೆಲ್ಮೆಟ್ ಹಾಕಿ, ಪಟ್ಟಿ ಕೈಗೆ ಕೊಟ್ಟೆ. ಗದ್ದದ ಕೆಳಗೆ ಕಣ್ಣಿಗೆ ಕಾಣದ ಜಾಗದಲ್ಲಿ ಎರಡು ಬಳೆ ಹುಡುಕಿ, ಹಾಯಿಸಿ, ಮಡಚಿ, ಎಳೆ. ಮೂರು ಸಲ ಪ್ರಯತ್ನ ಮಾಡಿದಳು. ನಾಲ್ಕನೆಯ ಸಲ ಪಟ್ಟಿ ಬಿಟ್ಟು, "ಇದಕ್ಕಿಂತ ಸೂಜಿಗೆ ದಾರ ಪೋಣಸೂದು ಸರಳ ಐತಿ. ನಾ ಹಂಗs ಕೂಡ್ತೀನಿ ಬಿಡವಾ" ಅಂದಳು. ಹಾಗೇ ಕೂರುತ್ತೇನೆ ಎಂದರೆ ಪಟ್ಟಿ ನೇತಾಡಿಸಿಕೊಂಡು. ಅವಳಿಗೆ ಡಿ-ರಿಂಗ್ ಎಷ್ಟು ಗಟ್ಟಿ ಇದ್ದರೇನು? ಆ ಬೆರಳುಗಳಿಗೆ ಮೈಕ್ರೋಮೆಟ್ರಿಕ್ಕೇ ಸರಿ. ತಳ್ಳುವುದು ಹೆಬ್ಬೆರಳಿನ ಕೆಲಸ, ಅದು ಅವಳಿಗೆ ಆಗುತ್ತದೆ. ಕಟ ಕಟ ಶಬ್ದವೂ ಕಿವಿಗೆ ಹಿಡಿಸಿತು. "ಎಷ್ಟ ಕಟ ಅನ್ನಬೇಕು?" ಎಂದು ಕೇಳಿದಳು. ಆರು ಎಂದೆ. ಈಗ ಹಿಂದೆ ಕೂತು ಗಟ್ಟಿಯಾಗಿ ಎಣಿಸುತ್ತಾಳೆ, ಆರು ಆದ ಮೇಲೆಯೇ ನಾನು ಗಾಡಿ ಬಿಡಬೇಕು.

ನನಗೆ ನಾನು ಡಿ-ರಿಂಗ್ ತೆಗೆದುಕೊಂಡೆ, ನನ್ನ ಸ್ಕಾರ್ಫ್ ವಾರದಲ್ಲಿ ಎರಡು ದಿನ ಇರುತ್ತದೆ, ಮೂರು ದಿನ ಇರುವುದಿಲ್ಲ. ಮೊದಲ ವಾರ ಕನ್ನಡಿ ಮುಂದೆ ನಿಂತು ಕಲಿತೆ, ಈಗ ನೋಡದೆ ಹಾಕುತ್ತೇನೆ, ಜಡೆ ಹೆಣೆದ ಹಾಗೆ ಕೈಗೆ ಬಂದಿದೆ. ನಮ್ಮ ಯಜಮಾನರದು ಬೇರೆ ವಾದ. ಅವರ ಕೆಲಸ ದಿನಕ್ಕೆ ಹತ್ತು ಹನ್ನೆರಡು ಕಡೆ ಇಳಿದು ಹತ್ತುವಂಥದ್ದು. "ಹನ್ನೆರಡು ಸಲ ಹಾಯಿಸೋದು ಮಡಚೋದು ಆಗಲ್ಲ, ಆರನೇ ಸಲಕ್ಕೆ ನಾನು ಬಿಡ್ತೀನಿ, ನನ್ನ ನಾನು ಬಲ್ಲೆ" ಎಂದರು. ಅವರ ಮಾತಿನಲ್ಲಿ ಅರ್ಥ ಇತ್ತು. ಕೊರಿಯರ್‌ನವರು, ಮನೆ ಮನೆಗೆ ಟ್ಯೂಷನ್‌ಗೆ ಹೋಗುವವರು, ಡಬ್ಬಿ ಕೊಡುವ ನಮ್ಮ ಅಕ್ಕಂದಿರು, ಇವರಿಗೆಲ್ಲ ಮೈಕ್ರೋಮೆಟ್ರಿಕ್ ವಾಸಿ. ಬೆಳಿಗ್ಗೆ ಒಮ್ಮೆ ಹಾಕಿ ಸಂಜೆ ಒಮ್ಮೆ ಹಾಕುವವರಿಗೆ ಡಿ-ರಿಂಗ್ ಭಾರವಲ್ಲ.

ಕ್ಲಿಕ್ ಲಾಕ್ ಹೆಲ್ಮೆಟ್ ಮನೆಯಲ್ಲಿ ಈಗಾಗಲೇ ಇದ್ದರೆ ಎಸೆಯಬೇಡಿ. ಒಬ್ಬರದೇ ಹೆಲ್ಮೆಟ್, ಗದ್ದದ ಕೆಳಗೆ ಪ್ರತಿ ದಿನ ಒಂದೇ ರೀತಿ, ಹದಿನೈದು ದಿನಕ್ಕೊಮ್ಮೆ ಉದ್ದ ನೋಡುತ್ತೇನೆ ಎನ್ನುವವರಿಗೆ ಅದು ಸಾಕು. ಆದರೆ ಮನೆಯಲ್ಲಿ ಬಂದವರಿಗೆ ಹೋದವರಿಗೆ ಎಂದು ಒಂದು ಎರಡನೆಯ ಹೆಲ್ಮೆಟ್ ಇಟ್ಟಿರುತ್ತೀರಲ್ಲ, ಒಂದು ದಿನ ಅತ್ತೆಗೆ, ಇನ್ನೊಂದು ದಿನ ಮಗಳ ಗೆಳತಿಗೆ, ಊರಿಂದ ಬಂದ ಮಾವನಿಗೆ, ಅದು ಮಾತ್ರ ಕ್ಲಿಕ್ ಲಾಕ್ ಬೇಡವೇ ಬೇಡ. ನಮ್ಮ ಮನೆಗಳಲ್ಲಿ ಆ ಎರಡನೆಯ ಹೆಲ್ಮೆಟ್ಟೇ ಅಗ್ಗದ್ದು, ಹಳೆಯದು. ಹಿಂದೆ ಕೂರುವ ಹೆಂಗಸಿನ ತಲೆಗೆ ಸಿಗುವುದು ಅದೇ. ಈ ಮಾತನ್ನು ನಾನು ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಮಕ್ಕಳ ವಿಷಯ ಬೇಗ ಹೇಳಿಬಿಡುತ್ತೇನೆ. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೂ ಹೆಲ್ಮೆಟ್ ಮತ್ತು ಸೊಂಟಕ್ಕೆ ಭುಜಕ್ಕೆ ಕಟ್ಟುವ ಬೆಲ್ಟ್ ಬೇಕೆಂದು 2022ರಲ್ಲಿ ನಿಯಮ ಬಂದಿದೆ, ಮಗು ಜೊತೆಗಿದ್ದಾಗ ವೇಗ 40 ಕಿಲೋಮೀಟರ್ ಮೀರಬಾರದು. ದೊಡ್ಡವರ ಹೆಲ್ಮೆಟ್ಟಿನ ಪಟ್ಟಿ ಎಷ್ಟು ಬಿಗಿದರೂ ಚಿಕ್ಕ ತಲೆಗೆ ನಿಲ್ಲದು, ಅವರ ಅಳತೆಯದೇ ಬೇಕು. ನನ್ನ ಮಗಳಿಗೆ ಎಂಟು ವರ್ಷ, ಕ್ಲಿಕ್ ಲಾಕ್ ಒಮ್ಮೆ ಅವಳ ಕುತ್ತಿಗೆಯ ಚರ್ಮ ಕಚ್ಚಿತು, ಆಮೇಲೆ ಆರು ತಿಂಗಳು ಹೆಲ್ಮೆಟ್ ಎಂದರೆ ಅಳು. ಒಳಗೆ ಮೆತ್ತನೆ ಬಟ್ಟೆಯ ಪಟ್ಟಿ ಇರುವ ಮೈಕ್ರೋಮೆಟ್ರಿಕ್ ಕೊಡಿಸಿದ ಮೇಲೆ ಅಳು ನಿಂತಿತು. ಲಾಕ್ ಹಾಕುವಾಗ ನಿಮ್ಮ ಒಂದು ಬೆರಳನ್ನು ಮಗುವಿನ ಕುತ್ತಿಗೆಗೂ ಲಾಕಿಗೂ ನಡುವೆ ಇಟ್ಟುಕೊಳ್ಳಿ.

ಇನ್ನು ತುರುಬು, ಕ್ಲಿಪ್ಪು, ಜುಮುಕಿ. ಹಿಂದಲೆಯಲ್ಲಿ ದೊಡ್ಡ ಕ್ಲಿಪ್ಪು ಅಥವಾ ಎತ್ತರದ ತುರುಬು ಇದ್ದರೆ ಹೆಲ್ಮೆಟ್ ಮುಂದಕ್ಕೆ ಬಾಗಿ ಕೂರುತ್ತದೆ, ಆಗ ಪಟ್ಟಿ ದವಡೆಯ ಹಿಂದೆ ಗಂಟಲಿನ ಹತ್ತಿರ ಬರುವ ಬದಲು ಗದ್ದದ ತುದಿಗೆ ಬರುತ್ತದೆ, ಅಲ್ಲಿಂದ ಜಾರುವುದು ಸುಲಭ. ಜಡೆಯನ್ನು ಕೆಳಗೆ, ಕುತ್ತಿಗೆ ಹತ್ತಿರ ಹೆಣೆದುಕೊಳ್ಳಿ. ಮದುವೆಗೆ ಹೋಗುವುದಿದ್ದರೆ ಜುಮುಕಿ, ಮಲ್ಲಿಗೆ ದಂಡೆ ಚೀಲದಲ್ಲಿರಲಿ, ಛತ್ರದ ಕನ್ನಡಿ ಮುಂದೆ ಹಾಕಿಕೊಂಡರಾಯಿತು. ಸ್ಕಾರ್ಫಿನ ಗಂಟು ಗದ್ದದ ಕೆಳಗೆ ಬೇಡ, ಕುತ್ತಿಗೆಯ ಹಿಂದೆ ಇರಲಿ, ಗಂಟಿನ ಮೇಲೆ ಪಟ್ಟಿ ಕೂರುವುದಿಲ್ಲ. ಜಾರುವ ಸಿಂಥೆಟಿಕ್‌ಗಿಂತ ತೆಳು ಕಾಟನ್ ವಾಸಿ.

ಅಂಗಡಿಯಲ್ಲಿ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ಗದ್ದದ ಕೆಳಗೆ ಬೆರಳು ತೂರಿಸಿ. ಎರಡು ಬೆರಳು ಕಷ್ಟದಿಂದ ಹೋದರೆ ಸರಿ, ಮೂರು ಹೋದರೆ ಸಡಿಲ. ಬಾಯಿ ದೊಡ್ಡದಾಗಿ ತೆಗೆದರೆ ಹೆಲ್ಮೆಟ್ ಕೆಳಗೆ ಎಳೆದ ಹಾಗೆ ಅನ್ನಿಸಬೇಕು. ಆಮೇಲೆ ಇನ್ನೊಬ್ಬರಿಗೆ ಹೇಳಿ, ಹಿಂದಿನಿಂದ ಹೆಲ್ಮೆಟ್ಟಿನ ಕೆಳ ಅಂಚು ಹಿಡಿದು ಮೇಲಕ್ಕೆ, ಮುಂದಕ್ಕೆ ತಳ್ಳಲಿ. ಕಳಚಿ ಬಂದರೆ ಅಳತೆ ತಪ್ಪು, ಬೇರೆ ಹೆಲ್ಮೆಟ್ ಕೇಳಿ. ಅಂಗಡಿಯವರು ನಗುತ್ತಾರೆ, ನಗಲಿ. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ತಯಾರಕರದು ಎಂದು ತೋರಿಸುತ್ತದೆ. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವುದೇ ಕಾನೂನಿಗೆ ವಿರುದ್ಧ. ಫುಟ್‌ಪಾತ್ ಮೇಲಿನ ಟೋಪಿಯಂಥ ಹೆಲ್ಮೆಟ್‌ಗಳ ಪಟ್ಟಿ ನೋಡಿ, ಪೆಟ್ಟಿಕೋಟಿನ ಲಾಡಿಯಷ್ಟೂ ಅಗಲ ಇರುವುದಿಲ್ಲ. ಮನೆಯಲ್ಲಿರುವ ಹೆಲ್ಮೆಟ್ಟಿನಲ್ಲಿ ಪಟ್ಟಿಯ ಅಂಚು ನೂಲು ಬಿಟ್ಟಿದ್ದರೆ, ಪ್ಲಾಸ್ಟಿಕ್ ಲಾಕ್ ಬಿಳಿಚಿ ಬಿರುಕು ಬಿಟ್ಟಿದ್ದರೆ, ಪಟ್ಟಿಯನ್ನು ಚಿಪ್ಪಿಗೆ ಹಿಡಿದಿರುವ ರಿವೆಟ್ ಅಲುಗಾಡಿದರೆ, ಅದರ ಕಾಲ ಮುಗಿಯಿತು. ಚಪ್ಪಲಿ ಹೊಲಿಯುವವರ ಹತ್ತಿರ ಹೊಲಿಸಿ ಮತ್ತೆ ಹಾಕುವುದು ಬೇಡ.

ಕೊನೆಗೆ ಒಬ್ಬರು ಕೇಳಿಯೇ ಕೇಳುತ್ತಾರೆ, ಬಿದ್ದಾಗ ಡಿ-ರಿಂಗ್ ಬಿಚ್ಚಲು ಜನರಿಗೆ ಬರದಿದ್ದರೆ? ಬರದಿದ್ದರೆ ಒಳ್ಳೆಯದೇ. ಬಿದ್ದವರ ಹೆಲ್ಮೆಟ್ಟನ್ನು ದಾರಿಹೋಕರು ಜಗ್ಗಿ ತೆಗೆಯಬಾರದು, ಕುತ್ತಿಗೆಗೆ ಪೆಟ್ಟಾಗಿದ್ದರೆ ಇನ್ನೂ ಹದಗೆಡುತ್ತದೆ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಗ್ಲಾಸ್ ಮೇಲೆತ್ತಿ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸಿನವರು ಕತ್ತರಿಯಲ್ಲಿ ಪಟ್ಟಿ ಕತ್ತರಿಸಿ ನಿಧಾನವಾಗಿ ತೆಗೆಯುತ್ತಾರೆ.

ಮಾತು ಸಾಕು. ಹಿಂದಿನ ಮೇಜಿನ ಮೇಲೆ ಮೂರು ಹೆಲ್ಮೆಟ್ ಇಟ್ಟಿದ್ದೇನೆ, ಮೂರು ಬಗೆಯ ಲಾಕ್. ಒಳಗೆ ಹಾಕಿಕೊಳ್ಳಲು ತೆಳು ಟೋಪಿಗಳೂ ಇವೆ, ಯಾರ ಎಣ್ಣೆ ಯಾರ ತಲೆಗೂ ಅಂಟುವುದಿಲ್ಲ. ಊಟಕ್ಕೆ ಇನ್ನೂ ಹದಿನೈದು ನಿಮಿಷ ಇದೆಯಂತೆ. ಕೈಗೆ ಎಣ್ಣೆ, ಪಲ್ಯ ಹತ್ತುವ ಮುಂಚೆ ಬಂದು ಒಬ್ಬೊಬ್ಬರೇ ಡಿ-ರಿಂಗ್ ಹಾಕಿ ನೋಡಿ. ಕೆಳಗೆ ನಿಮ್ಮ ಗಾಡಿಗೆ ನೇತುಹಾಕಿದ ಹೆಲ್ಮೆಟ್ಟನ್ನೂ ತಂದರೆ ಪಟ್ಟಿಯ ಉದ್ದ ಇಲ್ಲೇ ಸರಿ ಮಾಡಿಕೊಡುತ್ತೇನೆ. ಅವ್ವನೂ ಬಂದಿದ್ದಾಳೆ, ಎಷ್ಟು ಕಟ ಎಂದು ಎಣಿಸಲು ಅವಳು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಬನ್ನಿ.